ಪಂಡಿತನಾಗಲು ಎಷ್ಟು ಭಾಷೆ ಬೇಕು?

ನಮ್ಮ ಕಾಲೇಜಿನ ಹಿಂಬದಿಯ ಬೇವಿನ ಕಟ್ಟೆಯ ಮೇಲೆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಈ ವರ್ಷ ನಡೆದಷ್ಟು ವಾದವಿವಾದ ಚರ್ಚಾಕೂಟದ ವೇದಿಕೆಯ ಮೇಲೂ ನಡೆಯಲಿಲ್ಲ. ಹೀಗೆಂದುದಕ್ಕೆ ಚರ್ಚಾಕೂಟದ ಕಾರ್ಯದರ್ಶಿಗಳು ಮುನಿಯಬಾರದು. ವಾದಕ್ಕೆ ಮೂಲಳಾದವಳು ಇತಿಹಾಸ ವಿಭಾಗದ ಸಹಪಾಠಿನಿಯೊಬ್ಬಳು. ಕೊರಿಯದ ಧಾರಾವಾಹಿಗಳನ್ನು ನೋಡುತ್ತ ನೋಡುತ್ತ ಆ ಭಾಷೆಯ ಹುಚ್ಚು ಹಿಡಿಸಿಕೊಂಡು, ಆಮೇಲೆ ಪುಸ್ತಕ ತರಿಸಿ, ಅಕ್ಷರ ತಿದ್ದಿ, ವ್ಯಾಕರಣ ಉರುಹೊಡೆದು, ಆ ದೇಶದ ಸರ್ಕಾರ ನಡೆಸುವ ಭಾಷಾಪರೀಕ್ಷೆಯಲ್ಲಿ ಎರಡನೆಯ ಹಂತವನ್ನು ದಾಟಿದವಳು. ಪರೀಕ್ಷೆಯ ಹೆಸರು ಟೋಪಿಕ್. ಕಟ್ಟೆಯ ವಿನೋದಪ್ರಿಯರು ಅದನ್ನು ಟೋಪಿ ಪರೀಕ್ಷೆಯೆಂದು ಕರೆದು ಅವಳಿಂದ ಬೈಗುಳ ತಿಂದದ್ದೂ ಉಂಟು.

ಅವಳಿಗೆ ಕೊರಿಯದ ಪ್ರಾಚೀನ ಇತಿಹಾಸದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಮುಂದೆ ಸಂಶೋಧನೆಯನ್ನೂ ಕೈಗೊಳ್ಳಬೇಕೆಂಬ ಆಸೆ. ಪ್ರವೇಶದ ನಿಬಂಧನೆಗಳನ್ನು ಒಂದೊಂದಾಗಿ ಓದಿಕೊಂಡಳು. ಟೋಪಿಕ್‌ನಲ್ಲಿ ಒಟ್ಟು ಆರು ಹಂತಗಳಿವೆ; ಅಲ್ಲಿಯ ಅನೇಕ ವಿಶ್ವವಿದ್ಯಾನಿಲಯಗಳು ಮೂರನೆಯದನ್ನೋ ನಾಲ್ಕನೆಯದನ್ನೋ ಕೇಳುತ್ತವೆ. ಇದು ನ್ಯಾಯವೆಂದು ಅವಳೂ ಒಪ್ಪಿದಳು. ಆದರೆ ಪ್ರಾಚೀನ ಇತಿಹಾಸಕ್ಕೆ ಕೈಯಿಡುವವರು ಹಳೆಯ ಚೀನೀ ಭಾಷೆಯನ್ನು ಕಲಿಯಬೇಕು. ಡಾಕ್ಟರೇಟಿಗೆ, ಅದರಲ್ಲೂ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಾದರೆ, ಜಪಾನಿ ಭಾಷೆಯ ವಿದ್ವದ್ಗ್ರಂಥಗಳನ್ನು ಓದುವಷ್ಟು ಪರಿಶ್ರಮವೂ ಇರಬೇಕು ಎಂದು ತಿಳಿದಾಗ ಅವಳ ಮುಖ ಬಾಡಿತು. “ಕೊರಿಯನ್ ಓದಲು ಹೊರಟವಳಿಗೆ ಚೀನೀ ಏಕೆ, ಜಪಾನಿ ಏಕೆ? ಒಂದು ಸಂತೆಗೆ ಹೋಗುವವರಿಂದ ಮೂರು ಊರಿನ ಸುಂಕ ವಸೂಲು ಮಾಡಿದ ಹಾಗಾಯಿತು” ಎಂದಳು. ಕಟ್ಟೆಯ ಬಹುಮತವೆಲ್ಲ ಅವಳ ಕಡೆಗೆ. ಎದುರುಪಕ್ಷಕ್ಕೆ ನಾನೊಬ್ಬನೇ. ಅಂದಿನ ಗದ್ದಲದಲ್ಲಿ ಹೇಳಲಾಗದೆ ಉಳಿದುದನ್ನು ಈ ಸಂಚಿಕೆಯ ಸಂಪಾದಕರ ಕೃಪೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಟ್ಟೆಯ ಮೇಲೆಯೇ ಹುಟ್ಟಿದ ಒಂದು ಪಾಂಡಿತ್ಯದಿಂದ ಆರಂಭಿಸುವುದು ಮೇಲು. ಕೊರಿಯದ ಮಕ್ಕಳು ತಂದೆಯನ್ನು ‘ಅಪ್ಪಾ’ ಎನ್ನುತ್ತಾರೆ, ತಾಯಿಯನ್ನು ‘ಒಮ್ಮಾ’ ಎನ್ನುತ್ತಾರೆ. ‘ನಾ’ ಎಂದರೆ ನಾನು. ‘ನೀನು’ ಎಂಬುದಕ್ಕೆ ಅವರ ಮಾತು ‘ನೊ’. ಆಡುವಾಗ ಎಷ್ಟೋ ವೇಳೆ ಅದು ‘ನೀ’ ಎಂದೇ ಕೇಳಿಸುತ್ತದೆ. ‘ವಾ’ ಎಂದರೆ ಬಾ. ಇಷ್ಟು ಸಾಕ್ಷ್ಯ ಒದಗಿದ ಮೇಲೆ ಕೇಳಬೇಕೆ? ಕೊರಿಯನ್ ನಮ್ಮ ದ್ರಾವಿಡ ವಂಶದ ಕೂಸೆಂದು ಬುತ್ತಿ ಮುಗಿಯುವುದರೊಳಗೆ ತೀರ್ಪಾಗಿಹೋಯಿತು. ಇದನ್ನು ಕೇಳಿ ಅಧ್ಯಾಪಕರು ನಗಬಾರದು. 1886ರಲ್ಲಿ ಕೊರಿಯಕ್ಕೆ ಹೋಗಿ ಅಲ್ಲಿ ಉಪಾಧ್ಯಾಯರಾಗಿ ನೆಲೆಸಿದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಮಹನೀಯರು, 1905ರಲ್ಲಿ, ಕೊರಿಯನ್ ಭಾಷೆಯನ್ನೂ ಭಾರತದ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ವ್ಯಾಕರಣವನ್ನೇ ಪ್ರಕಟಿಸಿದರು. ವಾಕ್ಯದ ಕಟ್ಟನ್ನು ನೋಡಿದರೆ ಯಾರಿಗಾದರೂ ಈ ಭ್ರಮೆ ಹುಟ್ಟುವಂತೆಯೇ ಇದೆ. ‘ನಾನು ಓದಿದ ಪುಸ್ತಕ’ ಎಂಬುದನ್ನು ಅವರು ‘ನೆಗಾ ಇಲ್ಗುನ್ ಚೆಕ್’ ಎನ್ನುತ್ತಾರೆ. ಪದಕ್ಕೆ ಪದ, ಅದೇ ಸಾಲು, ಅದೇ ಕ್ರಮ. ಇಂಗ್ಲಿಷಿಗೆ ತರುವಾಗ ನಾವು ತಿಣುಕುವ ಜಾಗದಲ್ಲಿ ಕೊರಿಯನ್ನನು ಸಲೀಸಾಗಿ ದಾಟಿಹೋಗುತ್ತಾನೆ.

ಇನ್ನು ‘ವಾ’ ಎಂಬ ಒಂದೇ ಪದವನ್ನು ಹಿಡಿದು ನೋಡೋಣ. ಕೊರಿಯನ್ ವ್ಯಾಕರಣದಂತೆ ‘ಬರು’ ಎಂಬುದರ ಧಾತು ‘ಓ’. ಅದಕ್ಕೆ ‘ಆ’ ಪ್ರತ್ಯಯ ಸೇರಿ ಎರಡು ಸ್ವರಗಳೂ ಬೆರೆತಾಗ ‘ವಾ’ ಎಂದಾಗುತ್ತದೆ. ಎಂದರೆ ಅಲ್ಲಿಯ ವಕಾರ ಸಂಧಿಯಲ್ಲಿ ಹುಟ್ಟಿದ್ದು. ನಮ್ಮ ‘ಬಾ’ದ ಸಂಗತಿ ಬೇರೆ. ಹಿಂದೆ ವಕಾರವಿದ್ದಲ್ಲಿ ಕನ್ನಡಕ್ಕೆ ಬಕಾರ ಬಂದಿತೆಂಬುದನ್ನು ತಮಿಳಿನ ‘ವಾ’, ‘ವರು’ ಎಂಬ ರೂಪಗಳ ಪಕ್ಕದಲ್ಲಿಟ್ಟು ತಿಳಿಯುತ್ತೇವೆ. ಇಲ್ಲಿ ಆ ವಕಾರ ಧಾತುವಿಗೇ ಸೇರಿದ್ದು. ಹೀಗಾಗಿ ಹೋಲಿಕೆಯೆಲ್ಲ ಕಿವಿಗೆ ಮಾತ್ರ. ಅಪ್ಪ ಅಮ್ಮಂದಿರ ಸಾಕ್ಷ್ಯವಂತೂ ಯಾವ ನ್ಯಾಯಾಲಯದಲ್ಲಿಯೂ ನಿಲ್ಲದು; ಹಸುಳೆಗಳು ತುಟಿ ಕೂಡಿಸಿ ಮೊದಲು ನುಡಿಯುವ ಆ ಧ್ವನಿಗಳು ಒಂದಕ್ಕೊಂದು ನಂಟಿಲ್ಲದ ಎಷ್ಟೋ ಭಾಷೆಗಳಲ್ಲಿ ತಂದೆತಾಯಿಗಳ ಹೆಸರಾಗಿವೆ. ಕ್ರಿಯಾಪದ ಕಡೆಗೆ ಬರುವ ವಾಕ್ಯದ ಕಟ್ಟು ಜಪಾನಿಯಲ್ಲಿಯೂ ಉಂಟು, ತುರ್ಕಿಯಲ್ಲಿಯೂ ಉಂಟು. ಹಲ್ಬರ್ಟರ ವಾದವನ್ನು ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಾನು ಹೇಳಬೇಕಾದದ್ದು ಇಷ್ಟೆ: ಒಂದಕ್ಷರದ ಒಂದು ಮಾತನ್ನು ತೂಗಿ ನೋಡಲು ಕೊರಿಯನ್ನಿನ ವ್ಯಾಕರಣವೂ ಬೇಕಾಯಿತು, ಕನ್ನಡದ ಚರಿತ್ರೆಯೂ ಬೇಕಾಯಿತು, ನಡುವೆ ತಮಿಳೂ ಬೇಕಾಯಿತು.

ಕೊರಿಯದ ಇತಿಹಾಸಕ್ಕೆ ಚೀನೀ ಭಾಷೆ ಏಕೆ ಬೇಕೆಂಬುದಕ್ಕೆ ಉತ್ತರ ಅಲ್ಲಿಯ ಕಡತಗಳಲ್ಲಿಯೇ ಇದೆ. 19ನೆಯ ಶತಮಾನದ ಕೊನೆಯವರೆಗೂ ಆ ರಾಜ್ಯದ ಆಡಳಿತದ ಬರವಣಿಗೆ ನಡೆದದ್ದು ಹಳೆಯ ಚೀನೀ ಭಾಷೆಯಲ್ಲಿ. ಜೊಸನ್ ಅರಸುಮನೆತನದ 472 ವರ್ಷಗಳ ಆಳ್ವಿಕೆಯನ್ನು ದಾಖಲಿಸಿದ ಬೃಹತ್ ರಾಜವೃತ್ತಾಂತ ಇದೇ ಭಾಷೆಯಲ್ಲಿದೆ. ಜಪಾನಿಗೂ ಕಾರಣವುಂಟು, ಅದು ಕಹಿಯಾದದ್ದು. 1910ರಿಂದ 1945ರವರೆಗೆ ಕೊರಿಯ ಜಪಾನಿನ ಕೈಕೆಳಗಿತ್ತು. ಆ ಕಾಲದ ಆಡಳಿತದ ಕಾಗದಪತ್ರಗಳೂ, ಕೊರಿಯನ್ ಭಾಷೆಯನ್ನು ಕುರಿತು ಆಗ ನಡೆದ ಮೊದಮೊದಲ ಆಧುನಿಕ ಸಂಶೋಧನೆಗಳಲ್ಲಿ ಹೆಚ್ಚಿನ ಪಾಲೂ ಆಳುವವರ ಭಾಷೆಯಲ್ಲಿವೆ. ಇಷ್ಟವಿರಲಿ ಇಲ್ಲದಿರಲಿ, ಓದದೆ ವಿಧಿಯಿಲ್ಲ.

ಈ ನಿಬಂಧನೆಗಳಿಂದ ಏನು ದೊರಕೀತೆಂಬುದನ್ನು ತೋರಿಸಲು ಒಬ್ಬ ವಿದ್ವಾಂಸರ ಕಥೆಯನ್ನು ಹೇಳಬೇಕು. ಅವರು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ 1964ರಿಂದ 2000ದವರೆಗೆ ಕೊರಿಯನ್ ಅಧ್ಯಯನವನ್ನು ಬೋಧಿಸಿ, 2021ರಲ್ಲಿ ತೀರಿಕೊಂಡ ಗ್ಯಾರಿ ಲೆಡ್ಯಾರ್ಡ್. ಹುಟ್ಟಿದ್ದು 1932ರಲ್ಲಿ. ನಮ್ಮಂಥವರಿಗೆ ಸಮಾಧಾನ ತರುವ ಸಂಗತಿಯೆಂದರೆ, ಮೊದಮೊದಲು ಕಾಲೇಜಿನ ಓದು ಅವರಿಗೆ ಅಷ್ಟಾಗಿ ಹತ್ತಲಿಲ್ಲ. 1953ರಲ್ಲಿ ಸೈನ್ಯಕ್ಕೆ ಸೇರಿದರು. ತರಬೇತಿಯಲ್ಲಿ ಕಾಲು ಉಳುಕಿ ಹಿಂದೆ ಉಳಿದಾಗ ಭಾಷೆ ಕಲಿಯುವ ಅವಕಾಶವೊಂದಿದೆಯೆಂದು ಕಿವಿಗೆ ಬಿದ್ದಿತಂತೆ. ಮಾಂಟೆರೆಯಲ್ಲಿದ್ದ ಸೈನ್ಯದ ಭಾಷಾಶಾಲೆಯಲ್ಲಿ ಕೊರಿಯನ್ ಕಲಿತು, 1955ರಲ್ಲಿ ಸಿಯೋಲ್ ನಗರಕ್ಕೆ ಹೋದರು. ಅಲ್ಲಿ ಶಿಬಿರದೊಳಗೆ ಕೂತಿರದೆ ಊರಿನವರ ಹೋಟೆಲುಗಳಲ್ಲಿ ಉಣ್ಣುತ್ತ, ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತ ಜನರೊಡನೆ ಬೆರೆತರು. ದೇಶಕ್ಕೆ ಮರಳಿ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿ ಸೇರಿದಾಗ ಅಲ್ಲಿ ಕೊರಿಯನ್ ಅಧ್ಯಯನಕ್ಕೆ ಪ್ರತ್ಯೇಕ ವ್ಯವಸ್ಥೆಯೇ ಇರಲಿಲ್ಲ. ಆದ್ದರಿಂದ ಅವರು ಚೀನೀ ಭಾಷೆ ಸಾಹಿತ್ಯಗಳನ್ನು ತೆಗೆದುಕೊಂಡರು, 1958ರಲ್ಲಿ ಬಿ.ಎ., 1963ರಲ್ಲಿ ಎಂ.ಎ., 1966ರಲ್ಲಿ ಡಾಕ್ಟರೇಟು. ನನ್ನ ಸಹಪಾಠಿನಿ ಸುಂಕವೆಂದು ಕರೆದುದನ್ನು ಅವರು ಒಂಬತ್ತು ಹತ್ತು ವರ್ಷ ಕಟ್ಟಿದರು.

ಅವರ ಪ್ರಬಂಧದ ವಿಷಯ ಕೊರಿಯನ್ ಲಿಪಿಯ ಹುಟ್ಟು. ಕಟ್ಟೆಯ ಅರ್ಧ ಜನಕ್ಕೆ ಗೊತ್ತಿರುವಂತೆ, ಆ ಲಿಪಿಯನ್ನು ಸೆಜೊಂಗ್ ಎಂಬ ಅರಸನು 1443ರ ಸುಮಾರಿಗೆ ರೂಪಿಸಿ 1446ರಲ್ಲಿ ಬಳಕೆಗೆ ತಂದನು. ಆಗ 28 ಅಕ್ಷರ, ಈಗ 24. ಲಿಪಿಯನ್ನು ವಿವರಿಸುವ ಆ ಕಾಲದ ಗ್ರಂಥ 1940ರಲ್ಲಿ ದೊರೆಯಿತು. ಕೆಲವು ವ್ಯಂಜನಗಳ ಆಕಾರಕ್ಕೆ ನಾಲಗೆ, ತುಟಿ, ಹಲ್ಲು, ಗಂಟಲುಗಳೇ ಮಾದರಿಯೆಂದು ಅದು ಹೇಳುತ್ತದೆ. ಕನ್ನಡ ವ್ಯಾಕರಣ ಓದಿದವರಿಗೆ ಇಲ್ಲೊಂದು ರೋಮಾಂಚ. ಕಂಠ್ಯ, ದಂತ್ಯ, ಓಷ್ಠ್ಯವೆಂದು ಧ್ವನಿಗಳನ್ನು ಉಚ್ಚಾರಣಸ್ಥಾನದಿಂದ ವಿಂಗಡಿಸುವ ಕ್ರಮವನ್ನು ಕೊರಿಯದವರು ಚೀನೀಯರ ಧ್ವನಿಶಾಸ್ತ್ರದಿಂದ ಪಡೆದರು. ಚೀನೀಯರ ಆ ಶಾಸ್ತ್ರದ ಮೇಲೆ ಬೌದ್ಧರ ಮೂಲಕ ಹೋದ ನಮ್ಮ ಸಂಸ್ಕೃತ ಶಿಕ್ಷಾಶಾಸ್ತ್ರದ ಪ್ರಭಾವವಿತ್ತು.

ಆದರೆ ಅದೇ ಕಾಲದ ಬರಹಗಳಲ್ಲಿ ಇನ್ನೊಂದು ಮಾತೂ ಬರುತ್ತದೆ: ಈ ಅಕ್ಷರಗಳು ‘ಹಳೆಯ ಮುದ್ರಾಲಿಪಿ’ಯನ್ನು ಅನುಸರಿಸಿವೆ. ಮುದ್ರಾಲಿಪಿಯೆಂದರೆ ಚೀನೀಯರು ಮೊಹರುಗಳಲ್ಲಿ ಬಳಸುತ್ತಿದ್ದ ಪ್ರಾಚೀನ ಬರಹ. ಹೊಸ ಅಕ್ಷರಗಳಿಗೂ ಅದಕ್ಕೂ ಹೋಲಿಕೆ ಹೆಚ್ಚಿಲ್ಲ. ಅನೇಕರು ಈ ಮಾತಿನ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಲೆಡ್ಯಾರ್ಡರು ನಿಂತರು. ಚೀನೀ ಬರಹದಲ್ಲಿ ‘ಮಂಗೋಲ’ ಎಂಬ ಹೆಸರನ್ನು ಎರಡು ಅಕ್ಷರಗಳಿಂದ ಬರೆಯುತ್ತಾರೆ. ಅವುಗಳಲ್ಲಿ ಎರಡನೆಯದು ‘ಹಳೆಯ’ ಎಂಬ ಅರ್ಥದ ಅಕ್ಷರವೇ. ಮಂಗೋಲರ ಚಕ್ರವರ್ತಿ ಕುಬ್ಲಾಯ್ ಖಾನನಿಗಾಗಿ ಫಗ್ಸ್‌ಪ ಎಂಬ ಟಿಬೆಟಿನ ಲಾಮಾ ರಚಿಸಿ 1269ರಲ್ಲಿ ಜಾರಿಗೆ ಬಂದ ಲಿಪಿಗೆ ‘ಮಂಗೋಲ ಮುದ್ರಾಲಿಪಿ’ಯೆಂದು ಹೆಸರಿತ್ತು. ಹಾಗಾದರೆ ‘ಹಳೆಯ ಮುದ್ರಾಲಿಪಿ’ ಎಂಬಲ್ಲಿ ಅದರ ಮೊದಲ ಅಕ್ಷರವನ್ನು ಬೇಕೆಂದೇ ನುಂಗಿರಬಹುದಲ್ಲವೆ ಎಂಬುದು ಅವರ ಊಹೆ. ನುಂಗಲು ಕಾರಣವೂ ಇತ್ತು. ಆಸ್ಥಾನದ ಚ್ವೆ ಮಲ್ಲಿ ಮೊದಲಾದ ವಿದ್ವಾಂಸರು 1444ರಲ್ಲಿ ಅರಸನಿಗೆ ವಿರೋಧದ ಮನವಿ ಸಲ್ಲಿಸಿ, ಸ್ವಂತ ಲಿಪಿ ಮಾಡಿಕೊಂಡವರು ಮಂಗೋಲರು, ಟಿಬೆಟಿನವರು, ಜಪಾನಿಯರು ಮುಂತಾದ ಅನಾಗರಿಕರು ಮಾತ್ರ ಎಂದು ಮೂದಲಿಸಿದ್ದರು. ಅಂಥ ಆಸ್ಥಾನದಲ್ಲಿ ಮಂಗೋಲರ ಹೆಸರೆತ್ತುವುದು ಜಾಣತನವಾಗುತ್ತಿರಲಿಲ್ಲ.

ಊಹೆಯಲ್ಲಿಯೇ ನಿಲ್ಲದೆ ಲೆಡ್ಯಾರ್ಡರು ಎರಡು ಲಿಪಿಗಳನ್ನೂ ಅಕ್ಷರಕ್ಕಕ್ಷರ ಜೋಡಿಸಿ ನೋಡಿದರು. ಕ, ತ, ಪ, ಚ, ಲ ಧ್ವನಿಗಳ ಐದು ಮೂಲಾಕ್ಷರಗಳು ಫಗ್ಸ್‌ಪ ಲಿಪಿಯ ಅಕ್ಷರಗಳನ್ನು ಸರಳಗೊಳಿಸಿ ಮಾಡಿದವೆಂದೂ, ಉಳಿದುವನ್ನು ಅರಸನು ಗೆರೆ ಕೂಡಿಸಿ ಕಳೆದು ತನ್ನ ಪ್ರತಿಭೆಯಿಂದ ಬೆಳೆಸಿದನೆಂದೂ ಪ್ರತಿಪಾದಿಸಿದರು. ಫಗ್ಸ್‌ಪ ಲಿಪಿಯ ತಾಯಿ ಟಿಬೆಟಿನ ಲಿಪಿ. ಅದರ ಮೂಲ ಭಾರತದ ಬ್ರಾಹ್ಮಿಯ ಸಂತತಿಯಲ್ಲಿದೆ. ನಾನು ಈ ಲೇಖನವನ್ನು ಬರೆಯುತ್ತಿರುವ ಕನ್ನಡ ಲಿಪಿಯೂ ಆ ಬ್ರಾಹ್ಮಿಯ ಸಂತತಿಯೇ. ಲೆಡ್ಯಾರ್ಡರ ಮಾತು ನಿಜವಾದರೆ ಕೊರಿಯದ ಕಕಾರವೂ ನಮ್ಮ ಕಕಾರವೂ ದೂರದ ದಾಯಾದಿಗಳು! ಅಪ್ಪ ಅಮ್ಮಂದಿರಲ್ಲಿ ಹುಡುಕಿದ ನಂಟಿನ ಎಳೆ ಯಾರೂ ನೋಡದ ಮೂಲೆಯಲ್ಲಿ ಸಿಕ್ಕಿದ ಹಾಗಾಯಿತು. ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಿಲ್ಲವೆಂಬುದನ್ನು ಮರೆಮಾಚಬಾರದು. ಕೊರಿಯದ ವಿದ್ವಾಂಸರಲ್ಲಿ ಬಹುಮಂದಿ ಉಚ್ಚಾರಣಸ್ಥಾನದ ವಿವರಣೆಯೇ ಸಾಕೆಂದು ನಂಬುತ್ತಾರೆ. ಒಪ್ಪಲಿ ಬಿಡಲಿ, ಪ್ರಶ್ನೆಯನ್ನು ಕೇಳುವುದಕ್ಕಾದರೂ ಆ ಭಾಷೆ ಲಿಪಿಗಳೆಲ್ಲ ಬೇಕಾಗಿದ್ದವು.

ಕಟ್ಟೆಯ ಮಿತ್ರರೊಬ್ಬರು ಅಂದು ಒಳ್ಳೆಯ ಆಕ್ಷೇಪಣೆಯನ್ನೇ ಎತ್ತಿದರು: “ಆ ರಾಜವೃತ್ತಾಂತವೆಲ್ಲ 1993ರ ಹೊತ್ತಿಗೇ ಆಧುನಿಕ ಕೊರಿಯನ್ನಿಗೆ ಅನುವಾದವಾಗಿದೆಯಲ್ಲ, ಇನ್ನು ಚೀನೀ ಏಕೆ?” ಅದಕ್ಕೆ ನನ್ನ ಉತ್ತರ ಮೇಲಿನ ಕಥೆಯೇ. ಅನುವಾದದಲ್ಲಿ ‘ಹಳೆಯ ಮುದ್ರಾಲಿಪಿ’ ಎಂದು ಬರೆದುಬಿಟ್ಟರೆ ಅದು ಮುಗಿದ ಮಾತು. ನುಂಗಿದ ಅಕ್ಷರದ ಗುರುತು ಅಲ್ಲಿ ಉಳಿಯುವುದಿಲ್ಲ. ಅಲ್ಲದೆ, ಅನುವಾದಕನು ಓದಿಕೊಂಡಿರಬೇಕೆಂದೂ ಸಂಶೋಧಕನು ಓದದಿದ್ದರೆ ನಡೆಯುತ್ತದೆಂದೂ ಹೇಳುವುದು ಎಲ್ಲಿಯ ನ್ಯಾಯ?

ಸ್ವತಃ ಸೆಜೊಂಗನ ಆಸ್ಥಾನವನ್ನೇ ನೋಡಬಹುದು. ಅವರಲ್ಲಿ ದ್ವಿಭಾಷಿಗಳನ್ನು ತಯಾರಿಸಲೆಂದೇ 1393ರಿಂದ ಒಂದು ಇಲಾಖೆಯಿತ್ತು. ಚೀನೀ, ಮಂಗೋಲ, ಜಪಾನಿ, ಜುರ್ಚೆನ್ ಭಾಷೆಗಳನ್ನು ಅಲ್ಲಿ ಕಲಿಸುತ್ತಿದ್ದರು. ಲಿಪಿಯ ಕೆಲಸದಲ್ಲಿ ನೆರವಾದ ಶಿನ್ ಸುಕ್ಜು ಬಹುಭಾಷಾ ಪಂಡಿತ. ಉಚ್ಚಾರಣೆಯ ಸಂದೇಹಗಳನ್ನು ಪರಿಹರಿಸಿಕೊಳ್ಳಲು ಅವನು ಲಿಯಾವೊಡುಂಗ್ ಪ್ರಾಂತದಲ್ಲಿದ್ದ ಚೀನೀ ವಿದ್ವಾಂಸನೊಬ್ಬನ ಬಳಿಗೆ ಹಲವು ಸಲ ಪ್ರಯಾಣ ಮಾಡಿದನೆಂದು ಹೇಳುತ್ತಾರೆ. ತನ್ನ ಭಾಷೆಗೆ ತಕ್ಕ ಲಿಪಿಯನ್ನು ಪಡೆದ ಆ ನಾಡು ಅದನ್ನು ಪಡೆದದ್ದು ಪರಭಾಷೆಗಳನ್ನು ಬಲ್ಲವರಿಂದ.

ಯಾಂಗ್ ಜುದೋಂಗ್ ಅವರ ಪ್ರಸಂಗ ನನ್ನನ್ನು ಇನ್ನೂ ಹೆಚ್ಚಾಗಿ ಕಾಡುತ್ತದೆ. ಪ್ರಾಚೀನ ಕಾಲದಿಂದ ಉಳಿದು ಬಂದ ‘ಹ್ಯಾಂಗ್ಗಾ’ ಎಂಬ 25 ಹಾಡುಗಳಿವೆ. ಚೀನೀ ಅಕ್ಷರಗಳನ್ನು ಕೆಲವೆಡೆ ಅರ್ಥಕ್ಕಾಗಿ, ಕೆಲವೆಡೆ ಧ್ವನಿಗಾಗಿ ಬಳಸಿ ಬರೆದಿರುವ ಒಗಟಿನಂಥ ಬರಹ. ಅವನ್ನೆಲ್ಲ ಮೊದಲು ಒಟ್ಟಾಗಿ ಬಿಡಿಸಿ 1929ರಲ್ಲಿ ಗ್ರಂಥ ಪ್ರಕಟಿಸಿದವರು ಓಗುರಾ ಶಿನ್‌ಪೇ ಎಂಬ ಜಪಾನಿ ವಿದ್ವಾಂಸರು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದ ಯಾಂಗರಿಗೆ ಇದು ಚುಚ್ಚಿತು. ನಮ್ಮ ಪೂರ್ವಜರ ಹಾಡನ್ನು ನಮ್ಮನ್ನಾಳುವವರು ಓದಿ ನಮಗೆ ಹೇಳಬೇಕೆ ಎಂದು ಸಂಕಟಪಟ್ಟು, ಇದ್ದ ಕೆಲಸವನ್ನು ಬದಿಗಿಟ್ಟು ಹಳೆಯ ಭಾಷೆಯನ್ನು ಹಿಡಿದು ಕೂತರು. 1942ರಲ್ಲಿ, ಅದೂ ಕೊರಿಯನ್ ಭಾಷೆಯ ಕತ್ತು ಹಿಸುಕುತ್ತಿದ್ದ ವರ್ಷಗಳಲ್ಲಿ, ಅವರ ಉತ್ತರರೂಪದ ಗ್ರಂಥ ಹೊರಬಂದಿತು. ಅಭಿಮಾನ ಅವರನ್ನು ಕೆಲಸಕ್ಕೆ ಹಚ್ಚಿತು, ದಿಟ. ಆದರೆ ಎದುರಾಳಿಯ ಪುಸ್ತಕವನ್ನು ಎದುರಾಳಿಯ ಭಾಷೆಯಲ್ಲಿ ಸಾಲುಸಾಲಾಗಿ ಓದಬಲ್ಲವರಾಗಿದ್ದುದರಿಂದಲೇ ಅದನ್ನು ಅವರು ತಿದ್ದಲು ಸಾಧ್ಯವಾದದ್ದು.

ಇನ್ನು ನನ್ನ ಮನೆಯ ಸಂಗತಿ. ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಮುಂದೆ ‘ಶಬ್ದಮಣಿದರ್ಪಣ’ವನ್ನು ಕುರಿತು ಸಂಶೋಧನೆ ಮಾಡುವ ಹಂಬಲವನ್ನು ಅಧ್ಯಾಪಕರೊಬ್ಬರಲ್ಲಿ ತೋಡಿಕೊಂಡೆ. “ಸಂಸ್ಕೃತ ಬರುತ್ತದೆಯೇನಯ್ಯಾ?” ಎಂದರು. ಪಿ.ಯು.ಸಿ.ಯಲ್ಲಿ ನನ್ನ ಭಾಷೆ ಸಂಸ್ಕೃತವೇ ಆಗಿತ್ತು, ನೂರಕ್ಕೆ 97 ಅಂಕ ಬಂದಿತ್ತು ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಮೇಜಿನ ಮೇಲಿದ್ದ ಪುಸ್ತಕವೊಂದನ್ನು ತೆರೆದು ಎರಡು ಸಾಲು ಓದೆಂದರು. ಅಕ್ಷರ ಕೂಡಿಸಿ ಓದಿದೆ. ಅರ್ಥವೇನೆಂದರು. ನನ್ನ 97 ಅಂಕಗಳೂ ಒಂದಕ್ಕೊಂದು ಮುಖ ನೋಡಿಕೊಂಡವು. ಉತ್ತರಗಳನ್ನು ಕನ್ನಡದಲ್ಲಿಯೇ ಬರೆಯಬಹುದಾಗಿದ್ದ ಆ ಪರೀಕ್ಷೆಗೆ ನಾನು ಸಂಸ್ಕೃತವನ್ನು ಆರಿಸಿಕೊಂಡದ್ದು ಅಂಕಕ್ಕಾಗಿ. ನನ್ನ ಜೊತೆಗೆ ಆರಿಸಿಕೊಂಡವರಲ್ಲಿ ಬಹುಮಂದಿಯೂ ಹಾಗೆಯೇ. ಅಧ್ಯಾಪಕರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನನಗೆ ಭಯವಾಗಿದೆ. ‘ಕವಿರಾಜಮಾರ್ಗ’ವನ್ನು ದಂಡಿಯ ಪಕ್ಕದಲ್ಲಿಟ್ಟು ನೋಡಲಾರದವನು, ‘ವಡ್ಡಾರಾಧನೆ’ಯ ಹಿಂದಿರುವ ಪ್ರಾಕೃತವನ್ನು ಮುಟ್ಟಲಾರದವನು, ತಮಿಳಿನ ಒಂದು ಫಲಕವನ್ನೂ ಓದಲಾರದವನು ಕನ್ನಡದಲ್ಲಿ ಡಾಕ್ಟರನಾಗಲು ನಿಯಮದ ಅಡ್ಡಿಯೇನೂ ಇಲ್ಲ! ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ಪಿಎಚ್.ಡಿ. ನಿಯಮಾವಳಿಯನ್ನು ತರಿಸಿ ಓದಿದೆ. ಕನಿಷ್ಠ 12 ಕ್ರೆಡಿಟ್ಟಿನ ಪೂರ್ವಪಾಠ ಬೇಕು, ಕನಿಷ್ಠ ಮೂರು ವರ್ಷ ಬೇಕು. ವಿಷಯಕ್ಕೆ ತಕ್ಕ ಇನ್ನೊಂದು ಭಾಷೆ ಬಂದಿರಬೇಕೆಂಬ ಮಾತು ಅದರಲ್ಲಿಲ್ಲ. ಸುಂಕದಕಟ್ಟೆಯೇ ಇಲ್ಲದ ದಾರಿ ನಮ್ಮದು. ನನ್ನ ಸಹಪಾಠಿನಿ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕು. ನನಗೆ ಅವಳನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿದೆ.

ಹೀಗೆಂದಾಗ ಕಟ್ಟೆಯ ಮೇಲೆ ಒಬ್ಬಾಕೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. “ನಾವು ಸರ್ಕಾರಿ ಕಾಲೇಜಿನವರು. ಬೆಳಿಗ್ಗೆ ಹಾಲು ಹಾಕಿ, ಎರಡು ಬಸ್ಸು ಹತ್ತಿ ಬರುವವರು. ನಾಲ್ಕು ಭಾಷೆ ಬೇಕೆಂದು ನಿಯಮ ಮಾಡಿದರೆ ಯಾರ ಮಕ್ಕಳು ಪಂಡಿತರಾಗುತ್ತಾರೆ, ಯಾರ ಮಕ್ಕಳು ಹೊರಗೆ ಉಳಿಯುತ್ತಾರೆ ಹೇಳು” ಎಂದಳು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಲೆಡ್ಯಾರ್ಡರ ಕಥೆಯನ್ನು ಮತ್ತೊಮ್ಮೆ ನೋಡಿದಾಗ ಉತ್ತರ ಹೊಳೆಯಿತು. ಅವರು ಕೊರಿಯನ್ ಕಲಿತದ್ದು ಕೈಯಿಂದ ಹಣ ಕೊಟ್ಟಲ್ಲ. ಸರ್ಕಾರ ಸಂಬಳ ಕೊಟ್ಟು ಕಲಿಸಿತು. ಮಾಂಟೆರೆಯ ಶಾಲೆಯಲ್ಲಿ ಇಂದು ಕೊರಿಯನ್ ಶಿಕ್ಷಣದ ಅವಧಿ 64 ವಾರ, ದಿನವೆಲ್ಲ ಅದೇ ಕೆಲಸ. ಕೊರಿಯದ ಸರ್ಕಾರ ಪರದೇಶದ ವಿದ್ಯಾರ್ಥಿಗಳಿಗೆ ಕೊಡುವ ವಿದ್ಯಾರ್ಥಿವೇತನದಲ್ಲಿಯೂ ಮೊದಲ ಒಂದು ವರ್ಷ ಭಾಷೆಗೇ ಮೀಸಲು. ಆ ವರ್ಷದಲ್ಲಿ ಟೋಪಿಕ್‌ನ ಮೂರನೆಯ ಹಂತವನ್ನು ದಾಟಿದರೆ ಪದವಿಯ ಓದು. ಕಲಿಸುವ ಹೊಣೆ ಮೊದಲು, ಕೇಳುವ ಅಧಿಕಾರ ಆಮೇಲೆ. ಕಲಿಸದೆ ಕೇಳುವ ವಿಶ್ವವಿದ್ಯಾನಿಲಯ ಉಳ್ಳವರ ಮಕ್ಕಳಿಗೆ ಮಾತ್ರ ಬಾಗಿಲು ತೆರೆದಂತೆ. ಕಲಿಸದೆಯೂ ಕೇಳದೆಯೂ ಇರುವ ನಮ್ಮದು ಎಲ್ಲರಿಗೂ ಬಾಗಿಲು ತೆರೆದು ಒಳಗೆ ಏನನ್ನೂ ಇಡದಂತೆ. ನನ್ನಂಥವನಿಗೆ ಎರಡರಿಂದಲೂ ನಷ್ಟವೇ.

ಆದ್ದರಿಂದ ನಾನು ಕೇಳುವುದು ಹೆಚ್ಚಿನದೇನಲ್ಲ. ಎಂ.ಎ. ತರಗತಿಗೆ ಸೇರಿದ ಮೊದಲ ದಿನದಿಂದ ಪ್ರತಿಯೊಬ್ಬನೂ ತನ್ನ ವಿಷಯಕ್ಕೆ ಹತ್ತಿರದ ಒಂದು ಭಾಷೆಯನ್ನು ಕಲಿಯುವ ಏರ್ಪಾಡಿರಲಿ. ಕನ್ನಡದವರಿಗೆ ಸಂಸ್ಕೃತವೋ ಪ್ರಾಕೃತವೋ ತಮಿಳೋ, ಇತಿಹಾಸದವರಿಗೆ ಮೋಡಿ ಲಿಪಿಯ ಮರಾಠಿಯೋ ಪಾರಸಿಯೋ. ಅಂಕ ಬೇಡ. ಅಂಕ ಬಂದರೆ ಅದರ ಗತಿ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಕೊನೆಗೆ ಹಿಂದೆಂದೂ ನೋಡಿರದ ಒಂದು ಪುಟವನ್ನು ಮುಂದಿಟ್ಟು, ಕೋಶ ನೋಡಿಕೊಂಡು ಇದರ ಅರ್ಥ ಬರೆ ಎನ್ನಲಿ. ಬರೆಯಲಾರದವನು ಇನ್ನೊಂದು ವರ್ಷ ಕಲಿಯಲಿ. ಎರಡು ವರ್ಷದಲ್ಲಿ ಯಾರೂ ಲೆಡ್ಯಾರ್ಡರಾಗುವುದಿಲ್ಲ, ನಿಜ. ಕೋಶ ತೆರೆಯುವ ಧೈರ್ಯವಾದರೂ ಬಂದೀತು.

ನನ್ನ ಸಹಪಾಠಿನಿ ಈಗ ಚೌಕದ ಗೆರೆಯ ನೋಟುಪುಸ್ತಕದಲ್ಲಿ ದಿನಕ್ಕೆ ಹತ್ತರಂತೆ ಚೀನೀ ಅಕ್ಷರಗಳನ್ನು ತಿದ್ದುತ್ತಿದ್ದಾಳೆ. ಗೊಣಗುವುದನ್ನು ಬಿಟ್ಟಿಲ್ಲ. ನಾನು ಸಂಸ್ಕೃತದ ಅಧ್ಯಾಪಕರ ಬಳಿ ಮತ್ತೆ ಹೋಗಿದ್ದೆ. ಸೋಮವಾರದಿಂದ ಬೆಳಿಗ್ಗೆ ಎಂಟು ಗಂಟೆಗೆ ಬನ್ನಿ, ತರಗತಿಗಳು ಆರಂಭವಾಗುವ ಮುಂಚೆ ಒಂದು ಗಂಟೆ ಹೇಳಿಕೊಡುತ್ತೇನೆ ಎಂದಿದ್ದಾರೆ. ಈವರೆಗೆ ಏಳು ಜನ ಹೆಸರು ಕೊಟ್ಟಿದ್ದೇವೆ. ಕೊಠಡಿಯ ಬೀಗದ ಕೈ ಇರುವುದು ಅಟೆಂಡರ್ ಸಿದ್ದಣ್ಣನವರ ಹತ್ತಿರ. ಅವರ ಬಸ್ಸು ಬರುವುದು ಒಂಬತ್ತೂವರೆಗೆ. ಮಾನ್ಯ ಪ್ರಾಂಶುಪಾಲರು ಈ ಲೇಖನವನ್ನು ಓದಿದರೆ ಆ ಬೀಗದ ಕೈಯ ವಿಚಾರವನ್ನು ದಯಮಾಡಿ ಗಮನಿಸಬೇಕು. ಅಲ್ಲಿಯವರೆಗೆ ಬೇವಿನ ಕಟ್ಟೆ ಇದ್ದೇ ಇದೆ.